ಮ್ಯಾಜಿಸ್ಟ್ರೇಟ್ ಜಡ್ಜ್ ನಿಮ್ಮ ಕೇಸು ತೀರ್ಮಾನಿಸಬಹುದೇ? ಸಹಿ ಹಾಕುವ ಮುಂಚೆ ಓದಿ

ಓವರ್‌ಟೈಮ್ ಸಂಬಳ ಕೊಡದ ಮಾಲೀಕರ ಮೇಲೆ ನೀವು ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಸಿವಿಲ್ ಕೇಸು ಹಾಕಿದ್ದೀರಿ ಅನ್ನಿ. ಕೋರ್ಟಿನಿಂದ ಬರುವ ಕಾಗದಗಳ ಜೊತೆ ಒಂದು ಒಪ್ಪಿಗೆ ಫಾರಂ ಇರಬಹುದು. ಅನೇಕ ಕೋರ್ಟುಗಳಲ್ಲಿ ಅದರ ನಂಬರ್ ಎಓ 85. ನಿಮ್ಮ ಕೇಸನ್ನು ಮ್ಯಾಜಿಸ್ಟ್ರೇಟ್ ಜಡ್ಜ್ ಅವರೇ ಪೂರ್ತಿ ನಡೆಸಿ ತೀರ್ಪು ಕೊಡಬಹುದೇ ಎಂದು ಅದು ಕೇಳುತ್ತದೆ.

ಹೆಸರು ನೋಡಿ ಗಾಬರಿ ಬೇಡ. ಊರಲ್ಲಿ ಮ್ಯಾಜಿಸ್ಟ್ರೇಟ್ ಅಂದರೆ ನಮಗೆ ನೆನಪಾಗುವುದು ಜೆಎಂಎಫ್‌ಸಿ ಕೋರ್ಟು, ಪೊಲೀಸು, ಜಾಮೀನು. ಈ ಫಾರಂ ಬಂತೆಂದರೆ ನಿಮ್ಮ ಮೇಲೆ ಕ್ರಿಮಿನಲ್ ಕೇಸು ಬಿದ್ದಿದೆ ಎಂದಲ್ಲ. ಫೆಡರಲ್ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜ್‌ರನ್ನು ಅಧ್ಯಕ್ಷರು ಸೆನೆಟ್ ಒಪ್ಪಿಗೆ ಪಡೆದು ನೇಮಿಸುತ್ತಾರೆ, ಅವರದು ಜೀವನಪರ್ಯಂತದ ಹುದ್ದೆ. ಪೂರ್ಣಾವಧಿ ಮ್ಯಾಜಿಸ್ಟ್ರೇಟ್ ಜಡ್ಜ್‌ರನ್ನು ಅದೇ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜ್‌ಗಳು 8 ವರ್ಷಕ್ಕೆ ನೇಮಿಸುತ್ತಾರೆ. ಅದಕ್ಕೇ ನಿಮ್ಮ ಒಪ್ಪಿಗೆ ಬೇಕು.

ಒಪ್ಪಿದರೆ ಏನು ಲಾಭ? ಡಿಸ್ಟ್ರಿಕ್ಟ್ ಜಡ್ಜ್‌ಗಳು ಕ್ರಿಮಿನಲ್ ಕೇಸುಗಳನ್ನು ಮೊದಲು ಮುಗಿಸಬೇಕು. ಹೀಗಾಗಿ ಸಿವಿಲ್ ಕೇಸಿನ ತಾರೀಖು ಮುಂದೆ ಮುಂದೆ ಹೋಗಬಹುದು. ಮ್ಯಾಜಿಸ್ಟ್ರೇಟ್ ಜಡ್ಜ್ ದೊಡ್ಡ ಕ್ರಿಮಿನಲ್ ವಿಚಾರಣೆ ನಡೆಸುವುದಿಲ್ಲ, ಆದ್ದರಿಂದ ಅವರು ಕೊಟ್ಟ ತಾರೀಖು ನಿಲ್ಲುವ ಸಾಧ್ಯತೆ ಹೆಚ್ಚು. ವೀಸಾ ಅವಧಿ ಮುಗಿಯುತ್ತಾ ಬಂದವರಿಗೆ ಇದು ಸಣ್ಣ ಮಾತಲ್ಲ. ಜ್ಯೂರಿ ಹಕ್ಕು ನಿಮಗಿದ್ದರೆ ಅದು ಹಾಗೇ ಉಳಿಯುತ್ತದೆ. ಸೋತರೆ ಅಪೀಲು ನೇರವಾಗಿ ಮೇಲಿನ ಸರ್ಕ್ಯೂಟ್ ಕೋರ್ಟಿಗೇ ಹೋಗುತ್ತದೆ. ನೀವು ಬಿಟ್ಟುಕೊಡುವುದು, ಡಿಸ್ಟ್ರಿಕ್ಟ್ ಜಡ್ಜ್ ತೀರ್ಮಾನಿಸಬೇಕು ಎನ್ನುವ ಹಕ್ಕನ್ನು.

ಬೇಡ ಎಂದರೆ ನಿಮಗೆ ಯಾವ ಶಿಕ್ಷೆಯೂ ಇಲ್ಲ. ಇದನ್ನು ಫಾರಂನಲ್ಲೇ ಬರೆದಿರುತ್ತದೆ. ಮಾಲೀಕರ ಕಡೆಯ ವಕೀಲರು "ಸಹಿ ಹಾಕದಿದ್ದರೆ ಜಡ್ಜ್ ಸಿಟ್ಟಾಗ್ತಾರೆ" ಅಂದರೆ ನಂಬಬೇಡಿ. ಎರಡೂ ಕಡೆಯವರು, ಅಂದರೆ ಕೇಸಿನಲ್ಲಿರುವ ಎಲ್ಲರೂ, ಒಪ್ಪಿದರೆ ಮಾತ್ರ ಇದು ನಡೆಯುತ್ತದೆ. ಒಬ್ಬರು ಬೇಡ ಅಂದರೂ ಆಗುವುದಿಲ್ಲ.

ಒಪ್ಪದಿದ್ದರೂ ಮ್ಯಾಜಿಸ್ಟ್ರೇಟ್ ಜಡ್ಜ್ ನಿಮ್ಮ ಕೇಸಿನಿಂದ ಪೂರ್ತಿ ದೂರ ಆಗುವುದಿಲ್ಲ. ದಾಖಲೆ ಕೊಡಿಸುವಂಥ ವಿಚಾರಣೆಗೆ ಮುಂಚಿನ ಕೆಲಸ ಅವರ ಬಳಿ ಇರಬಹುದು. ಕೆಲವು ವಿಷಯಗಳಲ್ಲಿ ಅವರು ಡಿಸ್ಟ್ರಿಕ್ಟ್ ಜಡ್ಜ್‌ಗೆ ಲಿಖಿತ ಶಿಫಾರಸು ಕೊಡುತ್ತಾರೆ. ಅದರ ಪ್ರತಿ ನಿಮಗೆ ತಲುಪಿಸಿದ ಮೇಲೆ, ಒಪ್ಪಿಗೆ ಇಲ್ಲದಿದ್ದರೆ 14 ದಿನದೊಳಗೆ ಬರಹದಲ್ಲಿ ಆಕ್ಷೇಪ ಸಲ್ಲಿಸಬೇಕು.

ಒಮ್ಮೆ ಒಪ್ಪಿ ಆಮೇಲೆ ವಾಪಸ್ ತೆಗೆದುಕೊಳ್ಳುವುದು ಬಹಳ ಕಷ್ಟ, ಅಸಾಧಾರಣ ಕಾರಣ ತೋರಿಸಬೇಕು. ಸುಮ್ಮನಿರುವುದೂ ಅಪಾಯವೇ. ನಿರಾಕರಿಸಬಹುದು ಎಂದು ತಿಳಿದೂ ಅವರ ಮುಂದೆ ವಿಚಾರಣೆ ನಡೆಸಿದರೆ, ಆ ನಡತೆಯನ್ನೇ ಒಪ್ಪಿಗೆ ಎನ್ನಬಹುದು ಎಂದು ಸುಪ್ರೀಂ ಕೋರ್ಟು 2003ರಲ್ಲಿ ಹೇಳಿದೆ. ಆದ್ದರಿಂದ ಹೌದೋ ಅಲ್ಲವೋ, ನೋಟಿಸಿನಲ್ಲಿರುವ ಕೊನೆಯ ದಿನ ನೋಡಿಕೊಂಡು ಅದರೊಳಗೆ ನಿರ್ಧರಿಸಿ.

ವಕೀಲರಿದ್ದರೆ ಒಂದು ಪ್ರಶ್ನೆ ಕೇಳಿ: ಈ ಕೋರ್ಟಿನಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಮುಂದೆ ಇಂಥ ಕೇಸು ಮುಗಿಯಲು ಎಷ್ಟು ಕಾಲ ಹಿಡಿಯುತ್ತಿದೆ? ವಕೀಲರಿಲ್ಲದಿದ್ದರೆ ಕ್ಲರ್ಕ್ ಕಚೇರಿಯಲ್ಲಿ ವಿಚಾರಿಸಿ. ಫಾರಂ ಎಲ್ಲಿ, ಹೇಗೆ ಕೊಡಬೇಕು ಎಂದು ಹೇಳುತ್ತಾರೆ. ಸಹಿ ಹಾಕಬೇಕೋ ಬೇಡವೋ ಎಂದು ಮಾತ್ರ ಅವರು ಹೇಳುವಂತಿಲ್ಲ.