ಹಗೆಯೊಡನೆ ಒಡಂಬಡಿಕೆ

ಹೊಲದ ಬದುವಿಗಾಗಿ ತಲೆಮಾರುಗಳಿಂದ ವ್ಯಾಜ್ಯವಾಡುವ ನೆರೆಯವರನ್ನು ನಾವೆಲ್ಲರೂ ಕಂಡಿರುವೆವು. ಅವರಲ್ಲಿ ಮಾತುಕತೆಯಿಲ್ಲ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಕಾಲಿಡರು. ಆದರೂ ಕುಡಿಯುವ ನೀರಿನ ಬಾವಿಯನ್ನು ಯಾರೂ ಕೆಡಿಸಬಾರದೆಂಬ ಒಂದು ಮಾತನ್ನು ಇಬ್ಬರೂ ಉಳಿಸಿಕೊಂಡಿರುವರು. ಅದು ಸ್ನೇಹದಿಂದ ಹುಟ್ಟಿದ ಮಾತಲ್ಲ; ಬಾವಿ ಕೆಟ್ಟರೆ ಇಬ್ಬರ ಮಕ್ಕಳಿಗೂ ನೀರಿಲ್ಲವೆಂಬ ಅರಿವಿನಿಂದ ಹುಟ್ಟಿದುದು.

ನಮ್ಮ ದೇಶಕ್ಕೂ ಪಾಕಿಸ್ತಾನಕ್ಕೂ ನಡುವೆ ಇಂತಹುದೇ ಒಂದು ಮಾತು ಉಂಟೆಂಬುದನ್ನು ಅನೇಕ ಗೃಹಸ್ಥರು ಅರಿಯರು. 1981ರಲ್ಲಿ ಇಸ್ರೇಲಿನ ವಿಮಾನಗಳು ಇರಾಕಿನ ಪರಮಾಣು ಸ್ಥಾವರವೊಂದನ್ನು ಬಾಂಬಿನಿಂದ ಕೆಡವಿದುವು. 1986ರಲ್ಲಿ ಚೆರ್ನೋಬಿಲಿನ ಸ್ಥಾವರವು ಸಿಡಿದು, ಅದರ ವಿಷವು ಗಾಳಿಯೊಡನೆ ಗಡಿಗಳನ್ನು ದಾಟಿತು. ಇವೆರಡನ್ನೂ ಕಂಡ ಲೋಕದಲ್ಲಿ, 1988ರ ಡಿಸೆಂಬರ್ 31ರಂದು, ರಾಜೀವ ಗಾಂಧಿಯವರು ಬೆನಜೀರ್ ಭುಟ್ಟೋ ಅವರನ್ನು ಕಾಣಲು ಇಸ್ಲಾಮಾಬಾದಿಗೆ ಹೋಗಿದ್ದಾಗ, ಒಂದು ಒಡಂಬಡಿಕೆಗೆ ಸಹಿಯಾಯಿತು. ಅದರ ಸಾರವು ಸಣ್ಣದು: ಒಬ್ಬರ ಪರಮಾಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡತಕ್ಕುದಲ್ಲ, ಪ್ರತಿವರ್ಷವೂ ಜನವರಿ 1ರಂದು ಅವುಗಳ ಅಕ್ಷಾಂಶ ರೇಖಾಂಶಗಳನ್ನು ಪರಸ್ಪರ ತಿಳಿಸತಕ್ಕುದು. ಅದು 1991ರ ಜನವರಿಯಲ್ಲಿ ಜಾರಿಗೆ ಬಂದಿತು. 1992ರಿಂದ ಪಟ್ಟಿಗಳ ವಿನಿಮಯವು ಮೊದಲಾಯಿತು.

ಹಗೆಯ ಕೈಗೆ ನಮ್ಮ ಮನೆಯ ಗುರುತನ್ನು ನಾವೇ ಕೊಡುವುದು ವಿವೇಕವೆ? ಅವರು ಯಾವುದನ್ನಾದರೂ ಮರೆಮಾಚಿದರೆ ಕಂಡುಹಿಡಿಯುವವರಾರು? ಈ ಆಕ್ಷೇಪಣೆಗಳು ಹಗುರವಾದುವಲ್ಲ. ಈ ಕರಾರಿನಲ್ಲಿ ತನಿಖೆಯೇ ಇಲ್ಲ. ಅದು ಒಂದೇ ಒಂದು ಅಸ್ತ್ರವನ್ನೂ ಕಡಿಮೆ ಮಾಡಲಿಲ್ಲ. 1998ರ ಮೇ ತಿಂಗಳಲ್ಲಿ ಎರಡು ದೇಶಗಳೂ ಅಣುಸ್ಫೋಟಗಳನ್ನು ನಡೆಸಿದುವು. ಆದರೆ ಆಕಾಶದಿಂದ ಉಪಗ್ರಹಗಳು ನೋಡುತ್ತಿರುವ ಈ ಕಾಲದಲ್ಲಿ ದೊಡ್ಡ ವಿದ್ಯುತ್ ಸ್ಥಾವರವೊಂದನ್ನು ಬಚ್ಚಿಡುವುದು ಆಗದ ಮಾತು. ಆದುದರಿಂದ ತಿಳಿಸಿದವನಿಗೆ ನಷ್ಟವು ಅಲ್ಪ. ಇನ್ನು, ಪಟ್ಟಿಗೆ ಸೇರಿಸದ ಸ್ಥಾವರಕ್ಕಾಗಿ ಕರಾರಿನ ರಕ್ಷೆಯನ್ನು ಯಾವ ಮುಖದಿಂದ ಕೇಳುವುದು? ಮರೆಮಾಚಿದವನಿಗೇ ಅಪಾಯ ಹೆಚ್ಚು.

ತನಿಖೆಯೊಂದೇ ಒಡಂಬಡಿಕೆಯನ್ನು ಉಳಿಸಲಾರದೆಂಬುದಕ್ಕೆ ಇರಾನಿನ ಉದಾಹರಣೆಯಿದೆ. 2015ರಲ್ಲಿ ವಿಯೆನ್ನಾದಲ್ಲಿ ಆದ ಒಪ್ಪಂದವು ಯುರೇನಿಯಮ್ಮಿನ ಸಂವರ್ಧನೆಗೆ ಶೇಕಡ 3.67ರ ಮಿತಿಯನ್ನು ಹಾಕಿ, ಬಿಗಿಯಾದ ತನಿಖೆಯನ್ನೂ ಏರ್ಪಡಿಸಿತ್ತು. ಇರಾನು ಷರತ್ತಿಗೆ ನಡೆದುಕೊಳ್ಳುತ್ತಿದೆಯೆಂದು ತನಿಖೆಗಾರರು ವರದಿ ಮಾಡುತ್ತಿದ್ದರೂ, 2018ರಲ್ಲಿ ಅಮೆರಿಕವು ಅದರಿಂದ ಹೊರಬಿದ್ದಿತು. ತರುವಾಯ ಇರಾನೂ ಮಿತಿಯನ್ನು ಮೀರಿ ಶೇಕಡ 60ಕ್ಕೆ ಏರಿತು. 2025ರ ಜೂನಿನಲ್ಲಿ ಅದರ ಸ್ಥಾವರಗಳ ಮೇಲೆ ಬಾಂಬುಗಳು ಬಿದ್ದುವು. ಕರಾರನ್ನು ಕಾಯುವುದರಿಂದ ತಮಗೆ ಲಾಭವೆಂದು ಇಬ್ಬರಿಗೂ ತೋರದಿದ್ದರೆ, ಎಷ್ಟು ಪುಟಗಳ ಕಾಗದವಿದ್ದರೇನು?

ನಮ್ಮ ಸಣ್ಣ ಕರಾರು ಕಾರ್ಗಿಲಿನ ಕಾಳಗವನ್ನು ದಾಟಿತು. ಪಾರ್ಲಿಮೆಂಟಿನ ಮೇಲಿನ ದಾಳಿಯ ತರುವಾಯ ಸೈನ್ಯಗಳು ಗಡಿಗೆ ಸಾಗಿದ್ದಾಗ, 2002ರ ಜನವರಿ 1ರಂದು, ಪಟ್ಟಿಗಳು ಕೈಬದಲಾದುವು. ಮುಂಬಯಿಯ ಹತ್ಯಾಕಾಂಡವಾಗಿ ಐದು ವಾರಗಳು ಕಳೆದಿದ್ದಾಗಲೂ ತಪ್ಪಲಿಲ್ಲ. 2025ರ ಏಪ್ರಿಲಿನಲ್ಲಿ ಸಿಂಧೂ ನದಿಯ ಒಪ್ಪಂದವನ್ನೇ ನಮ್ಮ ಸರ್ಕಾರವು ತಡೆಹಿಡಿಯಿತು. ಮೇ ತಿಂಗಳಲ್ಲಿ ಎರಡು ಕಡೆಯಿಂದಲೂ ಕ್ಷಿಪಣಿಗಳು ಹಾರಿದುವು. ಆದರೂ 2026ರ ಜನವರಿ 1ರಂದು ಮೂವತ್ತೈದನೆಯ ಸಲ ವಿನಿಮಯವು ನಡೆಯಿತು.

ಇದರಲ್ಲಿ ನಮಗೇನೆಂದು ಕೇಳುವ ಕನ್ನಡಿಗರು ಉತ್ತರ ಕನ್ನಡದ ಕೈಗಾವನ್ನು ನೆನೆಯಲಿ. ಕಾಳೀ ನದಿಯ ದಡದಲ್ಲಿ, ದಟ್ಟವಾದ ಕಾಡಿನ ನಡುವೆ, ತಲಾ 220 ಮೆಗಾವಾಟ್ ಶಕ್ತಿಯ ನಾಲ್ಕು ಘಟಕಗಳು ಅಲ್ಲಿವೆ. ಅಂತಹ ಸ್ಥಳಕ್ಕೆ ಏಟು ಬಿದ್ದರೆ ಕೆಡುವುದು ಕೇವಲ ವಿದ್ಯುಚ್ಛಕ್ತಿಯಲ್ಲ. ಹೊಳೆಯ ನೀರು, ಹಸುವಿನ ಹಾಲು, ತೊಟ್ಟಿಲಿನ ಕೂಸು ಯಾವುದೂ ಸುರಕ್ಷಿತವಲ್ಲ. ಗಡಿಯಾಚೆಯ ತಾಯಂದಿರ ಪಾಡೂ ಇದೇ.

ಈ ಕಾಗದವು ಹಗೆಯನ್ನು ಮಿತ್ರನನ್ನಾಗಿ ಮಾಡಿಲ್ಲ; ಮಾಡುವುದೆಂದು ನಾವು ಹೇಳುವುದೂ ಇಲ್ಲ. ದೇಶದ ಕಾವಲನ್ನು ಸಡಿಲಿಸಬೇಕೆಂಬುದೂ ನಮ್ಮ ಮತವಲ್ಲ. ಆದರೆ ನಂಬಿಕೆ ಹುಟ್ಟಿದ ಮೇಲೆಯೇ ಒಡಂಬಡಿಕೆಯೆನ್ನುವವರು ಒಂದನ್ನು ಮರೆಯುವರು: ಮಿತ್ರರಿಗೆ ಕರಾರು ಅಷ್ಟಾಗಿ ಬೇಡ, ಅದು ಬೇಕಾಗುವುದು ಹಗೆಗಳ ನಡುವೆಯೇ. ಹೊಸ ವರ್ಷದ ದಿನ ನಾವು ಗೋಡೆಗೆ ಹೊಸ ಕ್ಯಾಲೆಂಡರನ್ನು ತೂಗುಹಾಕುವಾಗ, ದಿಲ್ಲಿಯಲ್ಲಿಯೂ ಇಸ್ಲಾಮಾಬಾದಿನಲ್ಲಿಯೂ ಅಧಿಕಾರಿಗಳು ಆ ಪಟ್ಟಿಗಳನ್ನು ಕೊಟ್ಟು ತೆಗೆದುಕೊಳ್ಳುವರು. ಅಷ್ಟರ ಮಟ್ಟಿಗೆ ಬಾವಿಯ ನೀರು ಕೆಡದೆ ಉಳಿದಿದೆ. ಇಂತಹ ಒಡಂಬಡಿಕೆಯು ಸಾರ್ಥಕವೆಂದೇ ನಾವು ಹೇಳುತ್ತೇವೆ.