ನಮ್ಮ ಕಾರಿನ ಲೈಟು, ಎದುರಿನವರ ಕಣ್ಣು

ಹೋದ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸಿಗೆ ನಮ್ಮದೇ ಕಾರಿನಲ್ಲಿ ಹೊರಟಿದ್ದೆವು. ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿಗೆ ಹತ್ತಿಸಿದರೆ, ಸಮುದ್ರದಡಿಯ ಸುರಂಗ ದಾಟಿ ಸುಮಾರು 35 ನಿಮಿಷಕ್ಕೆ ಕ್ಯಾಲೆ. ವೀಸಾ, ಇನ್ಶೂರೆನ್ಸು, ಪುಳಿಯೋಗರೆ ಗೊಜ್ಜು ಎಲ್ಲ ರೆಡಿ. "ಹೆಡ್‌ಲೈಟ್ ಸರಿ ಮಾಡ್ಕೊಂಡ್ಯಾ?" ಅಂತ ಆಫೀಸಿನ ಗೆಳೆಯ ಕೇಳಿದಾಗ ತಬ್ಬಿಬ್ಬಾದೆ. ಲೈಟ್ ಚೆನ್ನಾಗೇ ಉರೀತಿತ್ತಲ್ಲ!

ಆ ಸಂಜೆ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ಡಿಮ್ ಹಾಕಿ ನೋಡಿದೆ. ಬೆಳಕಿನ ಗೆರೆ ಬಲಗಡೆ ತಗ್ಗಾಗಿ ಮಟ್ಟಸವಾಗಿತ್ತು, ಎಡಗಡೆ ಓರೆಯಾಗಿ ಮೇಲೇರಿತ್ತು. ಇಂಜಿನಿಯರಿಂಗ್ ಓದಿದವನು, ಇಷ್ಟು ವರ್ಷ ಇದನ್ನು ಗಮನಿಸಿರಲೇ ಇಲ್ಲ.

ಕಾರಣ ಸರಳ. ಭಾರತದ ಹಾಗೆ ಇಂಗ್ಲೆಂಡಿನಲ್ಲೂ ಎಡಗಡೆ ಓಡಿಸ್ತೀವಿ. ಎದುರಿನ ವಾಹನ ಬರುವುದು ಬಲಗಡೆಯಿಂದ, ಅದಕ್ಕೆ ಅಲ್ಲಿ ಬೆಳಕು ತಗ್ಗು. ಎಡ ಅಂಚಿನಲ್ಲಿ ನಡೆಯುವವರು, ಬೋರ್ಡುಗಳು ಕಾಣಲಿ ಅಂತ ಅಲ್ಲಿ ಎತ್ತರ. ಫ್ರಾನ್ಸಿನಲ್ಲಿ ಓಡಿಸುವುದು ಬಲಗಡೆ. ಅಲ್ಲಿ ಆ ಎತ್ತರದ ಬೆಳಕು ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ಎಡದಿಂದ ಬಲಕ್ಕೆ ಬದಲಾದಾಗ, ಅಲ್ಲಿನ ವಾಹನಗಳ ಹೆಡ್‌ಲೈಟುಗಳನ್ನೂ ಬದಲಿಸಬೇಕಾಯಿತು.

ನನ್ನ ಕಾರು ಹಳೇದು. ಹಾಗಾಗಿ ಹೆಡ್‌ಲೈಟಿನ ಮೇಲೆ ಅಂಟಿಸುವ ಸ್ಟಿಕ್ಕರ್ ತಂದೆ. ಗ್ಲಾಸು ಒರೆಸಿ, ನನ್ನ ಮಾಡೆಲಿನ ಚಿತ್ರ ನೋಡಿ ಅಂಟಿಸುತ್ತಿದ್ದಾಗ ಮತ್ತೋಡಿನಿಂದ ಅಪ್ಪನ ವಿಡಿಯೋ ಕಾಲ್.

"ಬಳೆ ಮಾಡೋ ಊರಲ್ಲಿ ಹುಟ್ಟಿ ಗಾಜಿಗೆ ಪಟ್ಟಿ ಹಾಕ್ತಿದ್ದೀಯಲ್ಲೋ!" ಅಂತ ನಕ್ಕರು. ನಮ್ಮೂರು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರುವಾಸಿ.

ಯಾಕೆ ಅಂತ ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಎದುರಿಗೆ ಬರೋನು ಯಾರು ಅಂತಾನೂ ಗೊತ್ತಿಲ್ಲ, ಅವನ ಕಣ್ಣಿಗೋಸ್ಕರ ಇಷ್ಟೆಲ್ಲಾನಾ? ಅವತ್ತು ಆ ಕಾರಿನವನು ಒಂದ್ಸಲ ಡಿಮ್ ಮಾಡಿದ್ರೆ ಸಾಕಿತ್ತು" ಅಂದರು.

ನಾಲ್ಕು ವರ್ಷದ ಹಿಂದೆ ಹೊಸದುರ್ಗದಿಂದ ರಾತ್ರಿ ಮೊಪೆಡ್‌ನಲ್ಲಿ ಬರುವಾಗ, ಎದುರಿನ ಹೈ ಬೀಮ್‌ಗೆ ಕಣ್ಣು ಕತ್ತಲೆ ಕಟ್ಟಿ ಅಪ್ಪ ಚರಂಡಿಗೆ ಬಿದ್ದಿದ್ದರು. ಮೊಣಕಾಲು ಇವತ್ತಿಗೂ ಪೂರ್ತಿ ಮಡಚಲ್ಲ. ಆ ಕಾರು ನಿಲ್ಲಲೂ ಇಲ್ಲ. ಬಹುಶಃ ಅದರಲ್ಲಿದ್ದವರಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ನೀವೂ ಹೀಗೆ ಹೊರಡುವುದಿದ್ದರೆ ಮೊದಲು ಕಾರಿನ ಮ್ಯಾನ್ಯುಯಲ್ ನೋಡಿ. ಹೊಸ ಎಲ್‌ಇಡಿ ಕಾರುಗಳಲ್ಲಿ ಇದಕ್ಕೆ ಸ್ಕ್ರೀನಿನ ಮೆನುವಿನಲ್ಲೇ ಸೆಟ್ಟಿಂಗ್ ಇರಬಹುದು. ಕೆಲವಕ್ಕೆ ಲ್ಯಾಂಪಿನ ಹಿಂದೆ ಚಿಕ್ಕ ಲಿವರ್ ಇರುತ್ತದೆ, ಇನ್ನು ಕೆಲವಕ್ಕೆ ಏನೂ ಮಾಡಬೇಕಿಲ್ಲ. ಹಗಲು ಪ್ರಯಾಣ ಅಂತ ಬಿಡಬೇಡಿ, ಮಳೆ ಮಂಜಿನಲ್ಲೂ ಲೈಟ್ ಬೇಕು. ವಾಪಸ್ ಬಂದ ಕೂಡಲೇ ಸ್ಟಿಕ್ಕರ್ ಕೀಳಲು, ಸೆಟ್ಟಿಂಗ್ ಮೊದಲಿನಂತೆ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಎಡ ಅಂಚು ಸರಿಯಾಗಿ ಕಾಣುವುದಿಲ್ಲ.

ಒಂದು ವಿಷಯ ನೆನಪಿರಲಿ: ಈ ಸ್ಟಿಕ್ಕರ್ ಡಿಮ್ ಲೈಟಿಗೆ ಮಾತ್ರ. ಎದುರಿಗೆ ಗಾಡಿ ಬಂದಾಗ ಹೈ ಬೀಮ್ ಇಳಿಸುವ ಕೆಲಸ ಯಾವ ದೇಶದಲ್ಲೂ ನಮ್ಮ ಬೆರಳಿನದೇ.

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ರಾತ್ರಿ ಹೊಸದುರ್ಗದಿಂದ ನಾನೇ ಕಾರು ಓಡಿಸಿದೆ. ಪಕ್ಕದಲ್ಲಿ ಅಪ್ಪ. ದೂರದಲ್ಲಿ ಒಂದೇ ಒಂದು ಲೈಟ್ ಕಂಡಿತು, ಯಾವುದೋ ಬೈಕು. ಅಪ್ಪ ಹೇಳುವ ಮೊದಲೇ ಡಿಮ್ ಮಾಡಿದೆ.