ಕಿಡ್ನಿ ಕಾಯಿಲೆಗೆ ತಲೆಯ ಸ್ಕ್ಯಾನ್ ಯಾಕೆ?

ಪ್ರಶ್ನೆ: ಅಪ್ಪನಿಗೂ ನನಗೂ ಕಿಡ್ನಿ ತುಂಬ ನೀರುಗುಳ್ಳೆಗಳು. ಕಾಕಾ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಈಗ ಡಾಕ್ಟರು ನನಗೆ ತಲೆಯ ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ. ಏನು ಸಂಬಂಧ?
– ಲೇತ್ ಕಾರ್ಮಿಕ, ಬೇಲೂರು ಕೈಗಾರಿಕಾ ಪ್ರದೇಶ, ಧಾರವಾಡ

ಉತ್ತರ: ಸಂಬಂಧ ಇದೆ, ಡಾಕ್ಟರು ಹೇಳಿದ್ದು ಸರಿ. ಕಿಡ್ನಿಯಲ್ಲಿ ನೀರುಗುಳ್ಳೆಗಳಾಗುವ ಈ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯ ವಂಶವಾಹಿ ದೋಷ ರಕ್ತನಾಳಗಳ ಗೋಡೆಯನ್ನೂ ದುರ್ಬಲಗೊಳಿಸುತ್ತದೆ. ಮಿದುಳಿನಲ್ಲಿ ನಾಳ ಕವಲೊಡೆಯುವ ಜಾಗದಲ್ಲಿ ಗೋಡೆ ಬಲೂನಿನಂತೆ ಉಬ್ಬಬಹುದು. ಅದೇ ಅನ್ಯೂರಿಸಮ್. ಅದು ಒಡೆದರೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಸಾಮಾನ್ಯ ಜನರಲ್ಲಿ ಇದು 100ಕ್ಕೆ ಸುಮಾರು 3 ಮಂದಿಗೆ, ಈ ಕಾಯಿಲೆಯವರಲ್ಲಿ ಸುಮಾರು 10 ಮಂದಿಗೆ ಇರುತ್ತದೆ. ಮನೆತನದಲ್ಲಿ ಯಾರಿಗಾದರೂ ಅನ್ಯೂರಿಸಮ್ ಆಗಿದ್ದರೆ ಇನ್ನೂ ಹೆಚ್ಚು. ಹೆಚ್ಚಿನವು ಒಡೆಯುವುದೇ ಇಲ್ಲ. ಸಣ್ಣದಿದ್ದರೆ ಆಗಾಗ ಸ್ಕ್ಯಾನ್ ಮಾಡಿ ಗಮನಿಸುತ್ತಾರಷ್ಟೆ.

ನಿಮ್ಮ ತಲೆಯ ಸ್ಕ್ಯಾನ್‌ಗೆ ಎಂಆರ್ ಆಂಜಿಯೋ (ಅಯಸ್ಕಾಂತದ ಯಂತ್ರದಲ್ಲಿ ರಕ್ತನಾಳ ನೋಡುವ ಸ್ಕ್ಯಾನ್) ಸಾಕು. ಇದಕ್ಕೆ ಬಣ್ಣದ ಇಂಜೆಕ್ಷನ್ ಬೇಕಿಲ್ಲ, ಕಿಡ್ನಿಗೆ ಹೊರೆಯಿಲ್ಲ. ಆದರೆ ನೀವು ಲೇತ್ ಕೆಲಸದವರು. ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದರೆ ತಪ್ಪದೆ ಮೊದಲೇ ತಿಳಿಸಿ. ಆ ಯಂತ್ರದ ಅಯಸ್ಕಾಂತ ಕಣ್ಣಲ್ಲಿ ಉಳಿದ ಚೂರನ್ನು ಎಳೆದು ದೃಷ್ಟಿಗೇ ಅಪಾಯ ತರಬಹುದು.

ಬೀಡಿ-ಸಿಗರೇಟು ಬಿಡಿ, ಬಿಪಿ ಹತೋಟಿಯಲ್ಲಿಡಿ. ಸಿಡಿಲು ಬಡಿದಂತೆ ಹಠಾತ್ತನೆ ತಲೆನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.